ಕೆರೆಯ ನೀರು ಮತ್ತು ಕೇಳಿಸಿಕೊಳ್ಳದ ಕೋರಿಕೆ

ಮೊದಲೇ ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಬೇಕಾದವರು ಇಟ್ಟುಕೊಳ್ಳಿ: ಪ್ರಾರ್ಥನೆಗೆ ಕೂತಾಗ ತಲೆಯೊಳಗೆ ಪಂಪ್ ಓಡಿಸಬೇಡಿ. ನಾನು ಓಡಿಸಿದೆ. ಅದರ ಫಲವನ್ನು ಈಗ ದಿನಾ ಬೆಳಿಗ್ಗೆ ತೋಟದ ಕೆಳಗಿನ ಪಟ್ಟಿಗೆ ಹೋಗಿ ನೋಡಿ ಬರುತ್ತಿದ್ದೇನೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ನಮ್ಮ ಚರ್ಚಿನ ಧರ್ಮಕೇಂದ್ರದಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ ಇರುತ್ತದೆ. ಆ ವಾರ ನಮ್ಮ ಮನೆಯ ಸರದಿ. ಜಪಸರ ಮುಗಿದ ಮೇಲೆ ಕೋರಿಕೆಗಳು ಶುರುವಾಗುತ್ತವೆ. ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಗಟ್ಟಿಯಾಗಿ ದೇವರ ಮುಂದಿಡುತ್ತಾರೆ, ಉಳಿದವರೆಲ್ಲ ಒಂದೇ ದನಿಯಲ್ಲಿ “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ” ಎನ್ನುತ್ತಾರೆ. ಒಬ್ಬರ ಮೊಣಕಾಲು ನೋವು, ಇನ್ನೊಬ್ಬರ ಮಗಳ ಪರೀಕ್ಷೆ, ಮತ್ತೊಬ್ಬರಿಗೆ ಬಾರದ ವೀಸಾ. ಚಿಕ್ಕಂದಿನಿಂದ ಹೇಳಿ ಹೇಳಿ ಆ ಉತ್ತರ ನನ್ನ ನಾಲಿಗೆಗೆ ಅಂಟಿಬಿಟ್ಟಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಆವತ್ತು ನನ್ನ ತಲೆಯಲ್ಲಿ ಇದ್ದದ್ದು ನಮ್ಮ ತೋಟದ ಕೆರೆ. ಮರುದಿನ ಸ್ಪ್ರಿಂಕ್ಲರ್ ಪೈಪನ್ನು ಎಲ್ಲಿಂದ ಶುರು ಮಾಡಲಿ, ಡೀಸೆಲ್ ಸಾಲುತ್ತದೋ ಇಲ್ಲವೋ, ಇದೇ ಯೋಚನೆ. ಆಗ ನನ್ನ ಹೆಂಡತಿ ಕಣ್ಣು ಮುಚ್ಚಿ ಶುರು ಮಾಡಿದಳಂತೆ. ಆಮೇಲೆ ಎಲ್ಲರೂ ಹೇಳಿ ನನಗೆ ಗೊತ್ತಾಯಿತು. “ಪ್ರಭುವೇ, ಪಕ್ಕದ ಮನೆ ತಂಗಿಯ ತೋಟದ ಕೊಲ್ಲಿಯ ತೊರೆ ಬತ್ತಿಹೋಗಿದೆ. ನೀವು ಕೊಟ್ಟ ನೀರು ನಮ್ಮ ಕೆರೆಯಲ್ಲಿದೆ. ಈ ಸಲ ಆ ನೀರು ಮೊದಲು ಅವಳ ಗಿಡಗಳಿಗೆ ಹೋಗಲಿ, ಅದಕ್ಕೆ ಬೇಕಾದ ಮನಸ್ಸನ್ನು ನಮಗೆ ಕೊಡಿ ಎಂದು ಪ್ರಾರ್ಥಿಸೋಣ.”

ಎಲ್ಲರಿಗಿಂತ ಜೋರಾಗಿ ಉತ್ತರ ಕೊಟ್ಟವನು ನಾನೇ.

ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಲೋಟ ಹಿಡಿದಾಗ ಒಬ್ಬ ಹಿರಿಯರು ನನ್ನ ಬೆನ್ನು ತಟ್ಟಿ, “ದೊಡ್ಡ ಮನಸ್ಸು ಮಾರಾಯ ನಿಂದು. ಈ ಬಿಸಿಲಲ್ಲಿ ಯಾರು ಕೊಡ್ತಾರೆ ಕೆರೆ ನೀರು?” ಎಂದರು. ಯಾವ ನೀರು ಎಂದು ಕೇಳುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತಿದ್ದು ಕಂಡಿತು. ಆಕೆ ನಮ್ಮ ಮತದವರಲ್ಲ. ಶಿರಂಗಾಲದ ಕಡೆಯ ರೈತರ ಮನೆಯಿಂದ ಇಲ್ಲಿಗೆ ಮದುವೆಯಾಗಿ ಬಂದವರು. ಪ್ರಾರ್ಥನೆ ಇದ್ದ ದಿನ ನನ್ನ ಹೆಂಡತಿಗೆ ಕಾಫಿ ಸೋಸಿ ಕೊಡಲು ಬರುತ್ತಾರೆ. ಗಂಡ ಕಳೆದ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದಾರೆ. ಒಂದೂವರೆ ಎಕರೆ ರೋಬಸ್ಟಾ ಕಾಫಿ ಬಿಟ್ಟರೆ ಆ ಮನೆಗೆ ಬೇರೆ ದಾರಿ ಇಲ್ಲ. ಆಕೆ ಕೈಯಲ್ಲಿದ್ದ ಟ್ರೇಯನ್ನು ಅಲ್ಲೇ ಇಟ್ಟು ಒಳಗೆ ಹೋದರು.

ಕಾಫಿ ಬೆಳೆಯದವರಿಗೆ ಇಷ್ಟು ಗೊತ್ತಿರಬೇಕು. ಬೇಸಿಗೆಯ ನಡುವೆ ಗಿಡದಲ್ಲಿ ಮೊಗ್ಗು ಕಟ್ಟಿ ನೀರಿಗೆ ಕಾಯುತ್ತಿರುತ್ತದೆ. ಆಗ ಒಂದು ಒಳ್ಳೆ ಮಳೆ ಬಿದ್ದರೆ ವಾರ ಕಳೆಯುವಷ್ಟರಲ್ಲಿ ತೋಟವಿಡೀ ಬಿಳಿ ಹೂವು. ಇದಕ್ಕೆ ನಾವು ಹೂಮಳೆ ಎನ್ನುತ್ತೇವೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಸುರಿಸಬೇಕು. ಇಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟ್ ಬಿದ್ದರೆ ಒಂದು ಇಂಚು. ಹೂವಿಗೆ ಒಂದು ಇಂಚಾದರೂ ಬೇಕು. ಹತ್ತಿಪ್ಪತ್ತು ಸೆಂಟ್ ಬಿದ್ದು ನಿಂತರೆ ಬೀಳದೆ ಇರುವುದಕ್ಕಿಂತ ಕೇಡು: ಮೊಗ್ಗು ಅರೆಬರೆ ಎಚ್ಚರಗೊಂಡು, ಕೆಂಪಗೆ ಮುರುಟಿ ಉದುರುತ್ತದೆ. ಅಂದರೆ ಒಂದು ಗಿಡದ ನೀರನ್ನು ಎರಡು ಗಿಡಕ್ಕೆ ಪಾಲು ಮಾಡುವ ಹಾಗಿಲ್ಲ. ಎಲ್ಲ ಗಿಡಕ್ಕೂ ಅರ್ಧರ್ಧ ಎಂದರೆ ಇಬ್ಬರ ಬೆಳೆಯೂ ಹೋಯಿತು.

ನಾನು ಹುಟ್ಟಿದ್ದು ಎಸ್ಟೇಟ್ ಕೂಲಿಗಳ ಲೈನ್ ಮನೆಯಲ್ಲಿ. ಸೈಕಲ್ ಮೇಲೆ ಅಂಗಳ ಅಂಗಳ ತಿರುಗಿ ಕರಿಮೆಣಸು ಕೊಂಡು ಸುಂಟಿಕೊಪ್ಪದಲ್ಲಿ ಮಾರಿ ಮೇಲೆ ಬಂದವನು. ಚೌಕಾಶಿಯೇ ನನ್ನ ಕಸುಬು. ಅವರು ಒಂದು ಹೇಳುತ್ತಾರೆ, ನಾನು ಒಂದು ಹೇಳುತ್ತೇನೆ, ನಡುವೆ ಎಲ್ಲೋ ಕೈ ಕೂಡುತ್ತದೆ. ನಡುವೆ ಎಂಬುದೇ ಇಲ್ಲದ ವ್ಯಾಪಾರಕ್ಕೆ ನನ್ನನ್ನು ಸಿಕ್ಕಿಸಿದವಳು ನನ್ನ ಹೆಂಡತಿ.

ಅವಳ ಮನೆಮಾತು ಮಲಯಾಳ, ನನ್ನದು ತಮಿಳು. ಹಾಗಾಗಿ ನಮ್ಮ ಜಗಳ ಯಾವಾಗಲೂ ಕನ್ನಡದಲ್ಲಿ. ಇಬ್ಬರಿಗೂ ಸಮನಾದ ಮೈದಾನ.

“ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ?” ಎಂದೆ, ಬಂದವರ ಚಪ್ಪಲಿ ಸದ್ದು ಗೇಟು ದಾಟುವವರೆಗೆ ಕಾದು.

“ನಿಮ್ಮನ್ನ ಕೇಳಿದ್ರೆ ನೀವು ಲೆಕ್ಕ ಹೇಳ್ತೀರಿ.”

“ಮತ್ತೇನು ಪದ್ಯ ಹೇಳ್ಲಾ? ಇರೋದು ನಮ್ಮ ಮೂರು ಎಕ್ರೆಗೆ ಆಗೋ ನೀರು. ಅವ್ರಿಗೆ ಕೊಟ್ರೆ ನಮ್ಮದು ಅರ್ಧ ಒಣಗುತ್ತೆ.”

“ಅರ್ಧ ಉಳಿಯುತ್ತಲ್ಲ ರೀ. ಕೊಡದಿದ್ರೆ ಅವ್ಳದ್ದು ಪೂರ್ತಿ ಹೋಗುತ್ತೆ.” ಲೋಟ ತೊಳೆಯುತ್ತಲೇ ಸೇರಿಸಿದಳು: “ನಾನು ಕೇಳಿದ್ದು ದೇವ್ರನ್ನ. ‘ಆಲಿಸಿರಿ’ ಅಂತ ಕೂಗಿದ್ದು ನೀವು.”

ಇದಕ್ಕೆ ಏನು ಹೇಳುತ್ತೀರಿ? ನನ್ನ ವ್ಯಾಪಾರ ನಿಂತಿರುವುದೇ ಮಾತಿನ ಮೇಲೆ. ಚೀಲ ಹೊಲಿದ ಮೇಲೆ ದರದ ಮಾತು ಎತ್ತುವವನನ್ನು ನಾನೇ ಅಂಗಡಿ ಮೆಟ್ಟಿಲು ಇಳಿಸಿದ್ದೇನೆ. ಈಗ ಊರಿನ ಅಷ್ಟೂ ಮನೆಯವರ ಎದುರು ನನ್ನ ಚೀಲ ಹೊಲಿದಾಗಿತ್ತು.

ಆದರೂ ಬಿಡಲಿಲ್ಲ. ಬೆಳಿಗ್ಗೆ ಬೇಲಿಯ ಹತ್ತಿರ ಹೋದೆ. ಆಕೆ ಗಿಡದ ಬುಡಕ್ಕೆ ತರಗೆಲೆ ಒಟ್ಟುತ್ತಿದ್ದರು. “ಹೀಗೆ ಮಾಡೋಣ ತಂಗಿ,” ಎಂದೆ, “ಈ ವಾರ ಮಳೆ ನೋಡೋಣ. ಬರದಿದ್ರೆ ಆಮೇಲೆ ನಿಮ್ಮ ಕಡೆ ಪೈಪ್ ಹಾಕೋಣ.”

“ಮೊಗ್ಗು ನೋಡಿ ಅಣ್ಣಾ. ಇನ್ನೊಂದ್ ವಾರ ತಡ್ಕಳ್ಳಲ್ಲ ಅದು.”

“ಹಾಗಾದ್ರೆ ಸ್ವಲ್ಪ ನಿಮ್ಗೆ, ಸ್ವಲ್ಪ—”

“ಸ್ವಲ್ಪ ಸ್ವಲ್ಪ ಕೊಟ್ರೆ ಎರಡೂ ಹಾಳಾಗ್ತವೆ. ನಿಮಗ್ ಗೊತ್ತಿಲ್ದೇ ಇರೋದಾ?” ಆಕೆ ಕೈಯ ಮಣ್ಣು ಒರೆಸಿಕೊಂಡರು. “ಅಕ್ಕ ಹೇಳಿದ್ರು ಅಂತ ನೀವ್ ಕೊಡ್ಬೇಕು ಅಂತೇನಿಲ್ಲ ಕಣಣ್ಣಾ. ನಾನ್ ಬೇಡ್ಲಿಲ್ಲ. ನೀವೂ ನಿಮ್ ದೇವ್ರೂ ಮಾತಾಡ್ಕಳಿ.”

ಬೇಡಿದ್ದರೆ ಸುಲಭವಿತ್ತು. ಅತ್ತಿದ್ದರೂ ಒಂದು ಸಮಾಧಾನ ಹೇಳಿ ಬರಬಹುದಿತ್ತು. ಹೊಸದಾಗಿ ವ್ಯಾಪಾರ ಶುರು ಮಾಡುವವರಿಗೆ ಹೇಳುತ್ತೇನೆ: ಏನೂ ಕೇಳದವರ ಜೊತೆ ಚೌಕಾಶಿಗೆ ನಿಲ್ಲಬೇಡಿ, ಗೆಲ್ಲಲು ಆಗುವುದಿಲ್ಲ.

ಕೊನೆಗೆ ಚರ್ಚಿಗೆ ಹೋದೆ. ಗುರುಗಳು ಬಯಲುಸೀಮೆಯ ಹುಡುಗ. ಕಾಫಿ ಹೂವನ್ನು ಫೋಟೋ ತೆಗೆಯಲು ಮಾತ್ರ ಬಲ್ಲವರು. ಕೇಳಿಸಿಕೊಳ್ಳದೆ ಹೇಳಿದ ಪ್ರಾರ್ಥನೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಅವರು ತಮಾಷೆ ಎಂದುಕೊಂಡರು. ಪೂರ್ತಿ ಕೇಳಿದ ಮೇಲೆ, “ದೇವರಲ್ಲಿ ಭರವಸೆ ಇಡಿ. ಮಳೆ ಬಂದೇ ಬರುತ್ತೆ,” ಎಂದರು.

“ಬಂದೇ ಬರೋದಾದ್ರೆ ಆಕೆಗೂ ಬರುತ್ತಲ್ಲ ಫಾದರ್? ನಾನ್ಯಾಕೆ ನೀರು ಕೊಡ್ಬೇಕು?”

ಅವರು ನಕ್ಕುಬಿಟ್ಟರು. “ನಿಮಗೂ ಬರುತ್ತಲ್ಲ? ಕೊಡೋದಕ್ಕೆ ಯಾಕೆ ಹೆದರ್ತೀರಿ?”

ನನ್ನದೇ ತಕ್ಕಡಿಯಲ್ಲಿ ನನ್ನನ್ನೇ ತೂಗಿದರು. ನನ್ನ ಅಪ್ಪ ಇದ್ದಿದ್ದರೆ ಬೇರೆ ಏನಾದರೂ ಹೇಳುತ್ತಿದ್ದನೇ ಎಂದು ವಾಪಸ್ ಬರುವಾಗ ಯೋಚಿಸಿದೆ. ಅಪ್ಪ ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಬಂದು, ಮೈಯೆಲ್ಲ ಇರುವೆ ಕಚ್ಚಿದ ಗಾಯದಲ್ಲೇ ಮೊಣಕಾಲೂರಿ ಕೂರುತ್ತಿದ್ದ. ಕೇಳುತ್ತಿದ್ದದ್ದು ಏನೂ ಇಲ್ಲ, ಬರೀ ವಂದನೆ. ಆಗಲೂ ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ದುಡಿದವನು ಏನಾದರೂ ಕೇಳಬಾರದೇ ಎಂದು.

ಪೈಪ್ ಎಳೆದೆ. ಮೊದಲು ಆಕೆಯ ಒಂದೂವರೆ ಎಕರೆ, ಮಣ್ಣು ತಣಿಯುವಷ್ಟು. ಆಮೇಲೆ ನನ್ನ ತೋಟದ ಮೇಲಿನ ಪಟ್ಟಿ, ಅಂದರೆ ಮೇಲಿನ ಅರ್ಧ. ಕೆಳಗಿನ ಪಟ್ಟಿಗೆ ಬರುವಷ್ಟರಲ್ಲಿ ಪಂಪ್ ಕೆಸರು ಹೀರಿ ಕೆಮ್ಮಿತು. ಆರಿಸಿ ಅಲ್ಲೇ ಕೆರೆ ಏರಿಯ ಮೇಲೆ ಕೂತು ದೇವರಿಗೆ ಸ್ಪಷ್ಟವಾಗಿ ಹೇಳಿದೆ: ನನ್ನ ಕಡೆಯ ಮಾತು ಮುಗಿಯಿತು. ಇನ್ನು ನಿಮ್ಮದು. ಒಂದು ಇಂಚು ಸಾಕು, ಹೆಚ್ಚು ಬೇಡ.

ಎರಡು ದಿನ ಕಳೆದು ಸಂಜೆ ಮೋಡ ಕಟ್ಟಿತು. ಗುಡುಗಿತು. ಹೆಂಡತಿ ಅಂಗಳಕ್ಕೆ ಓಡಿ ಬಂದು ಶಿಲುಬೆ ಗುರುತು ಹಾಕಿಕೊಂಡಳು. ಹಂಚಿನ ಮೇಲೆ ಹನಿ ಬಿದ್ದ ಸದ್ದಿಗೆ ನನ್ನ ಎದೆಯೂ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಳೆ ನಿಂತಿತು. ಮಳೆಮಾಪಕ ಎತ್ತಿ ನೋಡಿದೆ. ಹದಿನೆಂಟು ಸೆಂಟ್.

ಬಾರದೆ ಇದ್ದಿದ್ದರೆ ಕೆಳಗಿನ ಪಟ್ಟಿಯ ಮೊಗ್ಗು ಇನ್ನೂ ಕೆಲವು ದಿನ ಕಾಯುತ್ತಿತ್ತೋ ಏನೋ. ಈ ತುಂತುರು ಅದನ್ನು ಎಬ್ಬಿಸಿ ಕೈಬಿಟ್ಟಿತು. ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಹೊರಗೆ ಬಂದರೆ ಎಲ್ಲರೂ ನನ್ನ ಕೈ ಕುಲುಕುವವರೇ. “ನೀನು ನೀರು ಕೊಟ್ಟೆ, ದೇವ್ರು ಮಳೆ ಕೊಟ್ಟ ನೋಡು!” “ಹದಿನೆಂಟು ಸೆಂಟ್ ಕೊಟ್ಟ,” ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ದೇವರ ಮಹಿಮೆಗೆ ಸಾಕ್ಷಿ ಹೇಳಲು ಚೆಂದದ ಕಥೆ ಸಿಕ್ಕಿದ ಮೇಲೆ ಅಳತೆ ಯಾರಿಗೆ ಬೇಕು? ಒಂದು ಕಿವಿಮಾತು: ಪವಾಡ ಎಂದು ಹೇಳುವ ಮೊದಲು ತೋಟದ ಯಜಮಾನನನ್ನು ಒಂದು ಮಾತು ಕೇಳಿ.

ಮುಂದಿನ ವಾರ ಆಕೆಯ ತೋಟ ಬೇಲಿಯ ಈಚೆಗೂ ಚೆಲ್ಲುವಂತೆ ಹೂಬಿಟ್ಟಿತು. ನನ್ನ ಮೇಲಿನ ಪಟ್ಟಿಯೂ ಬಿಳಿ. ಕೆಳಗಿನದು ಕೆಂಪಗೆ ಮುರುಟಿತ್ತು. ಆಕೆ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಜಗಲಿಗೆ ತಂದು ಹೂವು ತೋರಿಸುತ್ತಿದ್ದರು. ನನ್ನನ್ನು ಕಂಡು ಗಂಡ ಸ್ವಾಧೀನದಲ್ಲಿದ್ದ ಒಂದೇ ಕೈಯನ್ನು ಎತ್ತಿದರು. ನಾನೂ ಎತ್ತಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಹೂವು ಬಂದಷ್ಟಕ್ಕೆ ಮುಗಿಯುವುದಿಲ್ಲ. ಮಿಡಿ ನಿಲ್ಲಬೇಕಾದರೆ ಇನ್ನೊಂದು ನೀರು ಬೇಕು. ಅದು ತಪ್ಪಿದರೆ ಮೊದಲು ಕೊಟ್ಟ ನೀರೂ ದಂಡ. ಆ ಹೊತ್ತಿಗೆ ಕೆರೆಯಲ್ಲಿ ಒರತೆಯಿಂದ ಒಂದಿಷ್ಟು ನೀರು ನಿಂತಿತ್ತು. ಸಾಲುವುದು ಒಂದು ಕಡೆಗೆ ಮಾತ್ರ: ಆಕೆಯ ತೋಟ, ಇಲ್ಲವೇ ನನ್ನ ಮೇಲಿನ ಪಟ್ಟಿ.

ಆ ವಾರದ ಪ್ರಾರ್ಥನೆ ಬೆನ್ನು ತಟ್ಟಿದ ಹಿರಿಯರ ಮನೆಯಲ್ಲಿ. ಕೋರಿಕೆ ಶುರುವಾದಾಗ ನಾನು ಕಿವಿ ನೆಟ್ಟಗೆ ಮಾಡಿ ಕೂತೆ. ಹೆಂಡತಿಯ ಸರದಿ ಬಂತು. ಅವಳು ಎಲ್ಲ ರೋಗಿಗಳಿಗಾಗಿ ಪ್ರಾರ್ಥಿಸಿ ಸುಮ್ಮನಾದಳು. ಕೆರೆಯ ಸುದ್ದಿಯೇ ಇಲ್ಲ. ಕೆರೆ ನೀರಿನ ಕೋರಿಕೆ ಇಟ್ಟಿದ್ದರೆ ಮತ್ತೆ ಅವಳ ಮೇಲೆ ಕೂಗಾಡಬಹುದಿತ್ತು. ಈ ಸಲ ತೀರ್ಮಾನವನ್ನು ನನಗೇ ಬಿಟ್ಟಳು.

ಅರ್ಧ ಮಳೆ ಕೊಟ್ಟು ಕೈತೊಳೆದುಕೊಂಡ ದೇವರ ಮೇಲೆ ವಾರವಿಡೀ ಗೊಣಗಿದವನು ನಾನು. ಅರ್ಧ ನೀರು ಕೊಟ್ಟು ಕೈತೊಳೆದುಕೊಂಡರೆ ನನಗೆ ಗೊಣಗುವ ಹಕ್ಕೂ ಹೋಗುತ್ತದೆ. ಗಂಟಲು ಸರಿಮಾಡಿಕೊಂಡೆ.

“ಪ್ರಭುವೇ, ನಾನು ಕೇಳಿದ್ದು ಒಂದು ಇಂಚು, ನೀವು ಕೊಟ್ಟಿದ್ದು ಹದಿನೆಂಟು ಸೆಂಟ್. ಇದು ಸರಿಯಲ್ಲ. ಕೆರೆಯಲ್ಲಿ ಇರೋ ನೀರು ನಾಳೆ ಪಕ್ಕದ ತೋಟಕ್ಕೆ ಹಾಕ್ತೀನಿ. ನನ್ನ ಮೇಲಿನ ಪಟ್ಟಿ ನಿಮ್ಮ ಜವಾಬ್ದಾರಿ. ಈ ಸಲ ಅಳತೆ ನೋಡಿ ಕೊಡಿ ಎಂದು ಪ್ರಾರ್ಥಿಸೋಣ.”

“ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ,” ಎಂದರು ಎಲ್ಲರೂ, ಅದೇ ರಾಗದಲ್ಲಿ. ಒಬ್ಬರ ಮುಖದಲ್ಲೂ ಕೇಳಿಸಿಕೊಂಡ ಗುರುತಿಲ್ಲ.

ಹೆಂಡತಿ ಮಾತ್ರ ಬಾಗಿ ಕಿವಿಯಲ್ಲಿ, “ಇದನ್ನೇ ಸಿಟ್ಟಿಲ್ದೆ ಹೇಳ್ಬೋದಿತ್ತು,” ಎಂದಳು.

“ಸಿಟ್ಟಿಲ್ದೆ ಹೇಳಿದ್ರೆ ಇದು ನಾನೇ ಅಂತ ದೇವ್ರಿಗೆ ಗುರ್ತು ಸಿಗಲ್ಲ,” ಎಂದೆ.

ಮರುದಿನ ಪೈಪ್ ಬೇಲಿ ದಾಟಿತು. ಇವತ್ತಿಗೂ ನನ್ನ ಮೇಲಿನ ಪಟ್ಟಿಗೆ ಮಳೆ ಬಂದಿಲ್ಲ. ಮಳೆಮಾಪಕ ತೊಳೆದು ಅಂಗಳದಲ್ಲಿ ಇಟ್ಟಿದ್ದೇನೆ.