ಐನೂರರ ಆ ಒಂದು ನೋಟು

ಮೊಬೈಲಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು, ಹಣ ಮಾತ್ರ ಹೋಗುತ್ತಿರಲಿಲ್ಲ. ಹೊರಗೆ ಕಾರಿನಲ್ಲಿ ಅಮ್ಮ ಉಸಿರಿಗಾಗಿ ಒದ್ದಾಡುತ್ತಿದ್ದರು. ದಾರಿಯಲ್ಲಿ ಅವರ ಇನ್‌ಹೇಲರ್ ಮುಗಿದುಹೋಗಿ, ನಾನು ಹಾನುಬಾಳಿನ ಔಷಧಿ ಅಂಗಡಿಗೆ ಓಡಿ ಬಂದಿದ್ದೆ. ಕಾರ್ಡ್ ಕೊಟ್ಟರೆ ಆ ಯಂತ್ರಕ್ಕೂ ನೆಟ್‌ವರ್ಕ್ ಇಲ್ಲ. ಪರ್ಸಿನಲ್ಲಿದ್ದದ್ದು ನಲವತ್ತು ರೂಪಾಯಿ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಅಂಗಡಿಯಾತ, ಗುರುತಿಲ್ಲದ ನನಗೆ ಔಷಧಿ ಕೊಡಲು ಹಿಂದೆಮುಂದೆ ನೋಡುತ್ತಿದ್ದ.

ನನ್ನ ಹಿಂದೆ ನಿಂತಿದ್ದ, ಎಸ್ಟೇಟ್ ಕೆಲಸದ ಹೆಂಗಸೊಬ್ಬರು ಐನೂರರ ನೋಟನ್ನು ಗಾಜಿನ ಮೇಲಿಟ್ಟರು. “ಮೊದ್ಲು ಆ ಅಮ್ಮಂಗೆ ಔಷ್ದಿ ಕೊಡಪ್ಪ. ನೆಟ್‌ವರ್ಕ್ ಬಂದಾಗ ಬರ್ಲಿ, ಉಸ್ರು ಕಾಯಕಿಲ್ಲ,” ಎಂದರು.

ಅಮ್ಮನ ಉಸಿರು ಹದಕ್ಕೆ ಬಂದ ಮೇಲೆ ನಾನು ಅಂಗಡಿಗೆ ಮರಳಿದರೆ ಆಕೆ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಅದೊಂದೇ ನೋಟಂತೆ. ಉಳಿದ ಚಿಲ್ಲರೆ ಸಾಲದೆ, ತಮ್ಮ ಬಿ.ಪಿ. ಮಾತ್ರೆ ಕೊಳ್ಳದೆಯೇ ಬಸ್ಸು ಹತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಅಂಗಡಿಯಾತ ಹೇಳಿದ ಮೇಲೆಯೇ.

ಮರುದಿನ ಬೆಳಿಗ್ಗೆ ಆಕೆಯ ಡಾಕ್ಟರ್ ಚೀಟಿ ನೋಡಿದ್ದ ಆತನಿಂದಲೇ ವಿಳಾಸ ಕೇಳಿ, ಹಣ ಮತ್ತು ಮಾತ್ರೆ ಹಿಡಿದು ಅವರಿದ್ದ ಎಸ್ಟೇಟ್ ಲೈನಿನ ಸಾಲುಮನೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಆಕೆ ಕೇಳಿದ್ದು ಒಂದೇ ಮಾತು: “ನಿಮ್ಮಮ್ಮ ಈಗ ಹೆಂಗವ್ರೆ?” ಇನ್‌ಹೇಲರಿಗೆ ಕೊಟ್ಟಿದ್ದ ಹಣವನ್ನು ತೆಗೆದುಕೊಂಡರು. ಮಾತ್ರೆಯನ್ನು ಮಾತ್ರ ಬಹಳ ಒತ್ತಾಯಿಸಿದ ಮೇಲೆ ಇಟ್ಟುಕೊಂಡರು.

ಹಾಲಿಗೆ, ತರಕಾರಿಗೆ, ಬಸ್ಸಿಗೆ ಈಗಲೂ ನನಗೆ ಫೋನೇ ಅನುಕೂಲ. ಆದರೂ ಒಂದಿಷ್ಟು ನಗದು ಇಟ್ಟುಕೊಳ್ಳದೆ ಮನೆಯಿಂದ ಹೊರಡುವುದಿಲ್ಲ. ಸರದಿಯಲ್ಲಿ ನನ್ನ ಮುಂದೆ ಯಾರು ನಿಂತಿರುತ್ತಾರೋ ಹೇಳಲಾಗದು.