ಅಕ್ಕನ ಸರದಿಯ ರಂಗೋಲಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಇದ್ದುದು ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ. ಮೊನ್ನೆ ಶಾಲೆಯವರೊಂದಿಗೆ ಆ ಬೀದಿಗಳನ್ನು ನೋಡಿ ಬಂದ ನೀವು, "ಅಷ್ಟು ಚೆಂದದ ಜಾಗ ಯಾಕೆ ಬಿಟ್ಟಿರಿ ಅಜ್ಜ?" ಎಂದು ತಮಿಳಿನಲ್ಲಿ ಕೇಳಿದಿರಿ. ಕನ್ನಡದಲ್ಲಿಯೇ ಉತ್ತರಿಸುತ್ತೇನೆ.

ಚೆಂದವೇನೋ ಇತ್ತು. ಹುರಿದ ಕಾಫಿಬೀಜದ ಘಮ, ದೇವಸ್ಥಾನದ ನಾದಸ್ವರ, ಸಮುದ್ರದ ಉಪ್ಪುಗಾಳಿ, ಅದರ ಜೊತೆಗೇ ಮೋರಿಯ ನಾತ. ಉದ್ದನೆಯ ಒಂದೇ ಮನೆಯಲ್ಲಿ ಹಲವು ಬಾಡಿಗೆ ಸಂಸಾರಗಳು. ಎಲ್ಲರಿಗೂ ಇದ್ದುದು ಒಂದೇ ತಲೆಬಾಗಿಲು. ಕುಂದಾಪುರದಿಂದ ಬಂದ ಅಪ್ಪ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಮನೆಯೊಡತಿ ಮಾಮಿ ನಮ್ಮನ್ನು ಕೀಳಾಗಿ ಕಾಣುತ್ತಿದ್ದರು.

ಧನುರ್ಮಾಸದಲ್ಲಿ ಬಾಗಿಲ ಮುಂದಿನ ರಂಗೋಲಿ ಸಂಸಾರಕ್ಕೊಂದು ದಿನದಂತೆ ಸರದಿಯ ಮೇಲೆ ನಡೆಯುತ್ತಿತ್ತು. ನಮ್ಮ ಸರದಿಯನ್ನು ಮಾಮಿ ಪ್ರತಿವರ್ಷ ತಪ್ಪಿಸುತ್ತಿದ್ದರು. ಆ ವರ್ಷ ಅಕ್ಕ ಕೇಳಲು ಹೋಗಲಿಲ್ಲ. ಚಳಿಯಲ್ಲಿ ಎದ್ದು, ನೆಲ ಸಾರಿಸಿ, ಚುಕ್ಕಿಯಿಟ್ಟು ಎಳೆ ಎಳೆದಳು.

"ಏನಡೀ, ಎಂಜಲೆಲೆ ಎತ್ತುವವನ ಮಗಳಿಗೆ ನನ್ನ ಬಾಗಿಲು ಬೇಕೋ?" ಎನ್ನುತ್ತ ಮಾಮಿ ಒಂದು ಕೊಡ ನೀರನ್ನು ಅದರ ಮೇಲೆ ಸುರಿದರು.

"ಇವತ್ತು ನಮ್ಮ ಸರದಿ, ಮಾಮಿ," ಎಂದ ಅಕ್ಕ ಒದ್ದೆ ಒರೆಸಿ ಮತ್ತೆ ಬಿಡಿಸಿದಳು. ಮಾಮಿ ಮತ್ತೆ ಸುರಿದರು. ಅಕ್ಕ ಮತ್ತೆ ಕುಳಿತಳು. ಹೀಗೆಯೇ ಮಾಮಿಯ ಕೊಡಗಳು ಒಂದೊಂದಾಗಿ ಬರಿದಾದವು. ಬೀದಿಯ ಕೊಳಾಯಿ ಅಷ್ಟರಲ್ಲಿ ನಿಂತುಹೋಗಿತ್ತು. ಇನ್ನು ಮರುದಿನವೇ ನೀರು.

"ಮಾಮಿ, ಕಾಫಿಗಾದರೂ ನೀರು ಉಳಿಯಿತೇ?" ಎಂದು ಒಳಗಿನಿಂದ ಯಾರೋ ಕೇಳಿದರು. ಮನೆಯೆಲ್ಲ ನಕ್ಕಿತು. ಕೊನೆಯ ರಂಗೋಲಿ ಉಳಿಯಿತು, ನಾವು ಉಳಿಯಲಿಲ್ಲ.

ಸಂಜೆ ಅಪ್ಪ ಬಂದಾಗ ಮಾಮಿ, "ಹುಡುಗಿ ನನ್ನ ಕಾಲಿಗೆ ಬೀಳಲಿ, ಇಲ್ಲವೇ ಮನೆ ಖಾಲಿ ಮಾಡಿ" ಎಂದರು. ನಕ್ಕವರಲ್ಲಿ ಒಬ್ಬರೂ ನಮ್ಮ ಪರವಾಗಿ ಬಾಯಿ ತೆರೆಯಲಿಲ್ಲ. ಅಪ್ಪ ಅಕ್ಕನ ಮುಖ ನೋಡಿ, "ಕಾಲಿಗೆ ಬೀಳೂದು ಎಂತಕ್ಕೆ? ಪಾತ್ರೆ ಕಟ್ಟು ಮಗಾ," ಎಂದರು.

ಪೆರಂಬೂರಿನಲ್ಲಿ ರೈಲಿನ ಸದ್ದಿಗೆ ಗೋಡೆ ನಡುಗುವ ಒಂದೇ ಕೋಣೆ ಸಿಕ್ಕಿತು. ಮೊದಲ ಬೆಳಿಗ್ಗೆ ಅಕ್ಕ ಹೊಸ್ತಿಲಿನಿಂದ ರಸ್ತೆಯವರೆಗೂ ರಂಗೋಲಿ ಹಾಕಿ, ಮುಗಿದ ಮೇಲೆ ಅಲ್ಲಿಯೇ ಕುಳಿತು ಅತ್ತಳು.

ತಾಂಬರದ ನಮ್ಮ ಈ ಫ್ಲ್ಯಾಟಿನ ಬಾಗಿಲಲ್ಲಿ ರಂಗೋಲಿಯ ಸ್ಟಿಕ್ಕರ್ ಇದೆ. ಅದಕ್ಕಾಗಿ ನೀವು ಯಾರೂ ಚಳಿಯಲ್ಲಿ ಏಳಬೇಕಾಗಿಲ್ಲ, ಅದನ್ನು ಅಳಿಸಲು ಯಾರೂ ಬರುವುದೂ ಇಲ್ಲ. ಹಳೆಯ ಬೀದಿಗಳನ್ನು ನೀವು ಧಾರಾಳವಾಗಿ ಮೆಚ್ಚಿಕೊಳ್ಳಿ. ಮಾಮಿಯ ಆ ಬಾಗಿಲ ಮುಂದೆ ನಿಂತು ಫೋಟೊಗೆ ನಗಲು ಮಾತ್ರ ನನ್ನನ್ನು ಕರೆಯಬೇಡಿ.