ಉಪಯುಕ್ತತೆ: ಮೈನಸ್ ಒಂದು

ಬೆಳಗಿನ ಜಾವ. ಲಿಥುವೇನಿಯಾದ ಬಿರ್ಜಾಯ್ ಪಟ್ಟಣದ ಒಳಾಂಗಣ ಕ್ರೀಡಾಂಗಣದಲ್ಲಿ ಅರ್ಧದಷ್ಟು ದೀಪಗಳು ಮಾತ್ರ ಉರಿಯುತ್ತಿವೆ. ಎರಡು ಮೀಟರಿಗೂ ಮಿಕ್ಕಿದ ಎತ್ತರದ ಆಳೊಬ್ಬ ಗೋಡೆಗೆ ಆನಿಸಿದ ದಪ್ಪ ಹಾಸಿಗೆಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಹಿಂದಕ್ಕೆ ನೂಕುತ್ತಿದ್ದಾನೆ. ಕೈಯಲ್ಲಿ ಚೆಂಡೇ ಇಲ್ಲ. ನೆಲ ಒರೆಸುವ ಸ್ತಾಸೆ ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಡುತ್ತಾಳೆ.

"ಆ ಗೋಡೆ ನಿಂಗೇನು ಅನ್ಯಾಯ ಮಾಡ್ತೋ ಮಗಾ? ಬೇರೆಯವ್ರೆಲ್ಲ ಬುಟ್ಟಿಗೆ ಚೆಂಡು ಹಾಕೋದು ಕಲೀತಾರೆ, ನೀನು ಗೋಡೆ ತಳ್ಳೋದು ಕಲೀತೀಯ."

"ಗೋಡೆ ಎದುರು ಮಾತಾಡಲ್ಲ, ಅದಕ್ಕೇ" ಎನ್ನುತ್ತಾನೆ ತೌತ್ವಿದಾಸ್ ಸ್ಕೇರಿಸ್, ನೂಕುವುದನ್ನು ನಿಲ್ಲಿಸದೆ.

ವಯಸ್ಸು ಮೂವತ್ತನಾಲ್ಕು. ಊರಿನ 'ಗೆರ್ವೆ' ಬಾಸ್ಕೆಟ್‌ಬಾಲ್ ತಂಡದ ಬದಲಿ ಆಟಗಾರ. ಪಂದ್ಯಕ್ಕೆ ಹತ್ತು ಹನ್ನೆರಡು ನಿಮಿಷ ಅಂಗಳದಲ್ಲಿರುತ್ತಾನೆ, ಉಳಿದ ಹೊತ್ತು ಬೆಂಚಿನ ತುದಿಯಲ್ಲಿ. ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಲಾಟ್ವಿಯಾ, ಎಸ್ಟೋನಿಯಾಗಳ ಸಣ್ಣಪುಟ್ಟ ತಂಡಗಳಲ್ಲಿ ಬೆವರು ಸುರಿಸಿ, ಎರಡು ಸಲ ಮೂಗು ಮುರಿಸಿಕೊಂಡು ಇಲ್ಲಿಗೆ ಬಂದು ನಿಂತವನು. ಹೆಂಡತಿ ಯೋಲಿತಾ ಇದೇ ಊರಿನ ಹೆರಿಗೆ ವಾರ್ಡಿನಲ್ಲಿ ನರ್ಸ್. ಇನ್ನೊಂದು ವರ್ಷ ಇಲ್ಲೇ ಆಡಿ, ಇಲ್ಲೇ ಬೂಟು ಕಳಚಿಡಬೇಕೆನ್ನುವುದು ಅವನ ಆಸೆಯಾಗಿತ್ತು. ಮೊನ್ನೆ ಸೋಮವಾರ ಆ ಆಸೆಗೆ ಕಲ್ಲು ಬಿದ್ದಿದೆ.

ಕಲ್ಲು ಹಾಕಿದ್ದು ಒಂದು ಅಂಕಿ. ಲಿಥುವೇನಿಯಾದಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ಮರುದಿನ ಪ್ರತಿಯೊಬ್ಬ ಆಟಗಾರನ ಹೆಸರಿನ ಮುಂದೆ ಪತ್ರಿಕೆಯಲ್ಲಿ ಒಂದು ಅಂಕಿ ಬರುತ್ತದೆ. ಬುಟ್ಟಿಗೆ ಹಾಕಿದ್ದು, ಹಿಡಿದದ್ದು, ಕೊಟ್ಟದ್ದು ಎಲ್ಲ ಕೂಡಿಸಿ, ತಪ್ಪಿದ್ದನ್ನೆಲ್ಲ ಕಳೆದು ಬರುವ ಆ ಅಂಕಿಗೆ ಇಲ್ಲಿ 'ಉಪಯುಕ್ತತೆ' ಎಂದೇ ಹೆಸರು. ಬಿರ್ಜಾಯ್‌ನ ಬೇಕರಿಯವಳು ಆ ಪುಟವನ್ನು ಗಾಜಿಗೆ ಅಂಟಿಸುತ್ತಾಳೆ. ಅಂಕಿಯೇ ಆ ವಾರದ ಅಡ್ಡಹೆಸರು. "ಬಾಪ್ಪಾ ಮೈನಸ್ ಒಂದು, ರೈ ಬ್ರೆಡ್ಡಾ, ಗಸಗಸೆ ಬನ್ನಾ?" ಎಂದು ಅವಳು ಕೇಳಿದಾಗ ಸಾಲಿನಲ್ಲಿ ನಿಂತವರೆಲ್ಲ ನಗುತ್ತಾರೆ. ತೌತ್ವಿದಾಸ್ ಕೂಡ ನಗುತ್ತಾನೆ. ನೋಡಿದವರಿಗೆ ಮೈ ಉರಿಯಬೇಕು.

ಏಕೆಂದರೆ ಆ ಗೋಡೆ ನೂಕುವ ಕೆಲಸದ ಫಲ ಎಲ್ಲಿಗೆ ಹೋಗುತ್ತದೆ ನೋಡಿ. ಬುಟ್ಟಿಯ ಅಂಚಿಗೆ ಬಡಿದ ಚೆಂಡು ಮೇಲೇಳುವಾಗ ಇವನು ಅದರತ್ತ ಕತ್ತೆತ್ತಿಯೂ ನೋಡುವುದಿಲ್ಲ. ಎದುರು ತಂಡದ ದೈತ್ಯನಿಗೆ ಬೆನ್ನು ಕೊಟ್ಟು, ಅವನು ಜಿಗಿಯದಂತೆ ಒತ್ತಿ ಹಿಡಿಯುತ್ತಾನೆ. ಚೆಂಡು ಆರಾಮಾಗಿ ಬಂದು ಗೆಳೆಯನ ಕೈಗೆ ಬೀಳುತ್ತದೆ. ಹಿಡಿದವನ ಉಪಯುಕ್ತತೆಗೆ ಒಂದು ಸೇರುತ್ತದೆ. ಪಕ್ಕೆಲುಬಿಗೆ ಮೊಣಕೈ ತಿಂದವನಿಗೆ ಸೊನ್ನೆ.

ಇದನ್ನು ಗಮನಿಸಿದ್ದು ಯೂರ್ಗಾ ಒಬ್ಬಳೇ. ಹಗಲು ಚೀಸ್ ಕಾರ್ಖಾನೆಯಲ್ಲಿ ಹಾಲು ಪರೀಕ್ಷಿಸುವ ಆಕೆ ಪಂದ್ಯದ ದಿನ ಅಂಗಳದ ಅಂಚಿನಲ್ಲಿ ಕುಳಿತು ತಂಡದ ಅಂಕಿಅಂಶ ದಾಖಲಿಸುತ್ತಾಳೆ. ಆಕೆ ಬೇರೆಯೇ ಪ್ರಶ್ನೆ ಹಾಕಿಕೊಂಡಳು: ಇವನು ಒಳಗಿದ್ದಾಗ ತಂಡಕ್ಕೇನಾಗುತ್ತದೆ, ಹೊರಗಿದ್ದಾಗ ಏನಾಗುತ್ತದೆ? ಒಳಗಿದ್ದಾಗ ಗೆರ್ವೆ ಮುಂದೆ, ಬೆಂಚಿಗೆ ಹೋದ ಕೂಡಲೇ ಹಿಂದೆ, ವರ್ಷವಿಡೀ ಹೀಗೇ. ಒಳ್ಳೆಯವರ ಜೊತೆ ಆಡಿದ್ದರಿಂದ ಹಾಗಾಯಿತೇನೋ ಎಂದು ಅದೇ ನಾಲ್ವರ ಜೊತೆ ಇವನು ಆಡಿದ್ದನ್ನೂ, ಇವನ ಬದಲಿಗೆ ಇನ್ನೊಬ್ಬ ಆಡಿದ್ದನ್ನೂ ಹೋಲಿಸಿದಳು. ಎದುರಾಳಿಗಳ ಬದಲಿ ಆಟಗಾರರ ಮುಂದೆ ಆಡಿದ ನಿಮಿಷಗಳನ್ನು ತೆಗೆದುಹಾಕಿ ನೋಡಿದಳು. ಉತ್ತರ ಬದಲಾಗಲಿಲ್ಲ. ತಂಡದಲ್ಲಿ ಇವನಷ್ಟು ವ್ಯತ್ಯಾಸ ಮಾಡುವವರು ಇನ್ನೊಬ್ಬರಿಲ್ಲ, ತಾರೆಯೆನಿಸಿಕೊಂಡ ನೇದಾಸ್ ವಿರ್ಬಾಲಿಸ್ ಕೂಡ.

ಅದನ್ನೆಲ್ಲ ಹಿಡಿದು ಆಕೆ ತಂಡದ ನಿರ್ದೇಶಕ ಆಲ್ವಿದಾಸ್ ಬುರ್ಬಾ ಬಳಿಗೆ ಹೋದಳು. ಸರಾಸರಿ ಉಪಯುಕ್ತತೆ ಮೂರಕ್ಕಿಂತ ಕೆಳಗಿದ್ದರೆ ಮುಂದಿನ ವರ್ಷಕ್ಕೆ ಕರಾರಿಲ್ಲ ಎಂಬ ನಿಯಮ ಅವನದೇ. "ಗೋಡೆ ತರ ನಿಂತಿರೋನ್ನ ನೋಡೋಕೆ ಯಾರಮ್ಮ ಟಿಕೆಟ್ ತಗೋತಾರೆ?" ಎಂದು ಅವನು ಕಾಫಿ ಕಲಕಿದನಂತೆ.

ಕೊನೆಯ ಲೀಗ್ ಪಂದ್ಯದ ಹೊತ್ತಿಗೆ ತೌತ್ವಿದಾಸನ ಸರಾಸರಿ ಮೂರರ ಅಂಚಿನಲ್ಲಿತ್ತು. ಆಗ ಯೂರ್ಗಾ ಅವನಿಗೆ ಇನ್ನೊಂದು ಮಾತು ಹೇಳಿದಳು. ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ತಂಡ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕು. ಎಸೆದು ತಪ್ಪಿದರೆ ಎಸೆದವನ ಉಪಯುಕ್ತತೆಯಲ್ಲಿ ಒಂದು ಕಡಿತ. ಎಸೆಯದೆ ಹೊತ್ತು ಮೀರಿದರೆ ಚೆಂಡು ಎದುರಾಳಿಗಳ ಪಾಲು, ಆದರೆ ತಪ್ಪು ಇಡೀ ತಂಡದ್ದು, ಯಾರ ಅಂಕಿಯೂ ಕೊಂಕುವುದಿಲ್ಲ. ಇದು ಗೊತ್ತಿರುವ ನೇದಾಸ್ ದಾರಿ ಸಿಗದೆ ಹೊತ್ತು ಮುಗಿಯುತ್ತ ಬಂದಾಗ ಚೆಂಡನ್ನು ತೌತ್ವಿದಾಸನ ಕೈಗೆ ತುರುಕುತ್ತಾನೆ. ದೂರದಿಂದ, ಕಾಲೂರಲೂ ಪುರುಸೊತ್ತಿಲ್ಲದೆ ಎಸೆದು ತಪ್ಪುವವನು ಇವನು, ಕಳಂಕವೂ ಇವನಿಗೇ. "ಈ ಒಂದು ಪಂದ್ಯ, ಆ ಚೆಂಡು ಬಂದ್ರೆ ಸುಮ್ನೆ ಹಿಡ್ಕೊಂಡು ನಿಂತ್ಬಿಡು, ನಿನ್ನ ದಮ್ಮಯ್ಯ" ಎಂದು ಯೂರ್ಗಾ ಬೇಡಿಕೊಂಡಳು.

ಅಂಥ ಚೆಂಡು ಆ ದಿನ ಮತ್ತೆ ಮತ್ತೆ ಬಂತು. ಬಂದದ್ದನ್ನೆಲ್ಲ ತೌತ್ವಿದಾಸ್ ಎಸೆದ, ಎಲ್ಲವೂ ತಪ್ಪಿದವು. ಕೊನೆಯದು ಬಂದಾಗ ಗೆರ್ವೆ ಒಂದು ಅಂಕ ಹಿಂದಿತ್ತು. ಅದೂ ಬುಟ್ಟಿಯ ಕಬ್ಬಿಣಕ್ಕೆ ಬಡಿದು ಹಾರಿತು. ಎಸೆದವನೇ ಓಡಿಹೋಗಿ ಎದುರಾಳಿ ದೈತ್ಯನಿಗೆ ಬೆನ್ನು ಕೊಟ್ಟು ನಿಂತ. ತೆರವಾದ ಜಾಗದಲ್ಲಿ ಚೆಂಡು ಹಿಡಿದು ಬುಟ್ಟಿಗೆ ಹಾಕಿದವನು ನೇದಾಸ್. ತಂಡ ಗೆದ್ದು, ಕೊನೆಯ ಎಂಟು ತಂಡಗಳ ಸುತ್ತಿಗೆ ಏರಿತು. ಆ ಒಂದು ಕ್ಷಣಕ್ಕೆ ನೇದಾಸನ ಉಪಯುಕ್ತತೆಗೆ ಹಿಡಿದದ್ದಕ್ಕೆ ಒಂದು, ಹಾಕಿದ್ದಕ್ಕೆ ಎರಡು, ಒಟ್ಟು ಮೂರು ಸೇರಿತು, ಮುಖಪುಟದಲ್ಲಿ ಫೋಟೋ ಬಂತು. ತೌತ್ವಿದಾಸನಿಗೆ ಇಡೀ ಪಂದ್ಯಕ್ಕೆ ಸಿಕ್ಕ ಉಪಯುಕ್ತತೆ ಮೈನಸ್ ಒಂದು. ಸರಾಸರಿ ಮೂರಕ್ಕಿಂತ ಕೆಳಗೆ ಜಾರಿತು.

ಸೋಮವಾರ ಬುರ್ಬಾ ಕರೆದು ಮುಂದಿನ ವರ್ಷ ನೀನು ಬೇಡ ಎಂದ. ಅದೇ ಉಸಿರಿನಲ್ಲಿ, ಎಂಟರ ಸುತ್ತು ಮುಗಿಯುವ ತನಕ ಮೈ ಹುಷಾರಾಗಿ ನೋಡಿಕೋ, ಕೋಚ್ ನಿನ್ನನ್ನು ಕೇಳುತ್ತಿದ್ದಾರೆ ಎಂದೂ ಹೇಳಿದ. ಇದಕ್ಕೆ ನಾಚಿಕೆಗೇಡು ಎನ್ನದೆ ಬೇರೇನು ಹೇಳುವುದು? ತಂಡಕ್ಕೆ ಬೇಕು, ಆದರೆ ಉಪಯೋಗವಿಲ್ಲ. ಒಬ್ಬ ಮನುಷ್ಯನ ಬೆನ್ನ ಮೇಲೆ ಹತ್ತಿ ಊರಿಗೆ ಊರೇ ಹಬ್ಬ ಮಾಡಿದೆ, ಆ ಬೆನ್ನಿಗೆ ಬೆಲೆಯಿಲ್ಲವೆಂದು ಪತ್ರಿಕೆ ಓದಿ ನಕ್ಕಿದೆ.

ಹಿಡಿದುಕೊಂಡು ನಿಂತುಬಿಡಬಹುದಿತ್ತಲ್ಲ ಎಂದು ಕೇಳಿದರೆ ತೌತ್ವಿದಾಸ್ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾನೆ. "ಎಸೆದ್ರೆ ತಪ್ಪಿದ ಮೇಲಾದ್ರೂ ಯಾರೋ ಒಬ್ಬ ಹಿಡೀಬಹುದು. ಹಿಡ್ಕೊಂಡು ನಿಂತ್ರೆ ಅಲ್ಲಿಗೆ ಮುಗೀತು. ನಂಗೆ ಹಾಗೆ ನಿಲ್ಲೋಕೆ ಬರಲ್ಲ."

ಸಿಟ್ಟಿಲ್ಲವೇ ಎಂದರೆ, ಇದೆ ಎನ್ನುತ್ತಾನೆ, ಹೆಂಡತಿಯ ಮುಂದೆ ಎರಡು ರಾತ್ರಿ ಅದನ್ನೇ ಆಡಿದ್ದೂ ಆಗಿದೆ. ಈಗ ಯಾರಿಂದಲಾದರೂ ಏನಾದರೂ ಬೇಕೇ ಎಂದು ಕೇಳಿದಾಗ ಹೇಳುತ್ತಾನೆ:

"ನೇದಾಸ್‌ಗೆ ಯಾರಾದ್ರೂ ಒಂದು ಮಾತು ಹೇಳಿ. ಮುಂದಿನ ವರ್ಷ ನನ್ನ ಜಾಗಕ್ಕೆ ಯಾರೋ ಬರ್ತಾನಲ್ಲ, ಅವನಿಗೆ ಒಂದೇ ಒಂದು ಸೆಕೆಂಡು ಮುಂಚೆ ಚೆಂಡು ಕೊಡಬೇಕಂತೆ ಅಂತ. ಪಾಪ, ಅವನಾದ್ರೂ ಗುರಿ ನೋಡಿ ಎಸೀಲಿ."